ಕುಕ್ಕರ್ ಕೂಗು ಎಣಿಸಬೇಡಿ, ಇವತ್ತು ರಾತ್ರಿ ರಿಲೀಸನ್ನೂ ಮಾಡಬೇಡಿ

"ನಾಳೆ ಯುಗಾದಿ. ಆನ್‌ಕಾಲ್ ನನ್ನದೇ. ರಾತ್ರಿ 9ಕ್ಕೆ ಒಂದು ಚಿಕ್ಕ ರಿಲೀಸ್ ಇದೆ, ಟೇಬಲ್‌ನಲ್ಲಿ ಒಂದು ಕಾಲಂನ ಹೆಸರು ಬದಲಾವಣೆ ಅಷ್ಟೆ. ಬೆಳಿಗ್ಗೆ 6ಕ್ಕೆ ಎದ್ದು ಒಬ್ಬಟ್ಟಿಗೆ ಬೇಳೆ ಇಡುತ್ತೇನೆ. ಕಡಲೆಬೇಳೆಗೆ ಎಷ್ಟು ಕೂಗು?" ಎಂದು ಪೋಸ್ಟ್ ಹಾಕಿ ಕೇಳಿದ್ದೀರಿ. ಕೆಳಗೆ ಹನ್ನೊಂದು ಜನ ನಾಲ್ಕು, ಐದು, ಆರು ಎಂದು ಹರಾಜು ಕೂಗಿದ್ದಾರೆ. ಮಧ್ಯದ ರಿಲೀಸ್ ಸಾಲನ್ನು ಹೆಚ್ಚಿನವರು ಓದಿದ ಹಾಗೆ ಕಾಣುವುದಿಲ್ಲ. ಸಾಫ್ಟ್‌ವೇರ್ ಹೊರಗಿನವರಿಗೆ ಹೇಳುವುದಾದರೆ, ಆನ್‌ಕಾಲ್ ಎಂದರೆ ವ್ಯವಸ್ಥೆ ಕೆಟ್ಟರೆ ಯಾವ ಹೊತ್ತಿಗಾದರೂ ಎದ್ದು ಸರಿಪಡಿಸುವ ಸರದಿ, ರಿಲೀಸ್ ಎಂದರೆ ಬದಲಾವಣೆಯನ್ನು ಬಳಕೆಯಲ್ಲಿರುವ ವ್ಯವಸ್ಥೆಗೆ ಏರಿಸುವುದು, ಟೇಬಲ್ ಮತ್ತು ಕಾಲಂ ಡೇಟಾಬೇಸಿನವು.

ನಾನು ಓದಿದೆ, ಎದೆ ಧಸಕ್ಕೆಂದಿತು. ಏಕೆಂದರೆ ಇದೇ ಕಾಲಂ, ಇದೇ ಹಬ್ಬ, ಇದೇ ಬೇಳೆ, ಎಲ್ಲವನ್ನೂ ಒಂದೇ ಬೆಳಗ್ಗೆ ಹಾಳು ಮಾಡಿಕೊಂಡವನು ನಾನು.

2023ರ ಯುಗಾದಿ ಬುಧವಾರ, ಮಾರ್ಚ್ 22. ಮಂಗಳವಾರ ರಾತ್ರಿ ಹೆಸರು ಬದಲಾಯಿಸಿದೆ. ಪರೀಕ್ಷೆಗೆಂದಿರುವ ಸ್ಟೇಜಿಂಗ್‌ನಲ್ಲಿ ಎರಡು ಸೆಕೆಂಡು, ನಿಜ ಬಳಕೆಯ ಪ್ರೊಡಕ್ಷನ್‌ನಲ್ಲೂ ಎರಡೇ ಸೆಕೆಂಡು. ಹತ್ತೂವರೆಗೆ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಆ ಟೇಬಲನ್ನು ಓದುವ ಜಾಬ್ (ನಿಗದಿತ ಹೊತ್ತಿಗೆ ತಾನೇ ಓಡುವ ಪ್ರೋಗ್ರಾಂ) ಒಂದಿತ್ತು, ನ್ಯೂಯಾರ್ಕ್ ಸಮಯದ ರಾತ್ರಿ 9ಕ್ಕೆ ಓಡುವಂಥದ್ದು, ಬೇರೆ ತಂಡದ್ದು. ಅವರನ್ನು ಕೇಳಿರಲಿಲ್ಲ. ನಮ್ಮ ರನ್‌ಬುಕ್‌ನಲ್ಲಿ, ಅಂದರೆ ಏನಾದರೂ ಕೆಟ್ಟಾಗ ತೆರೆಯುವ ಕೈಪಿಡಿಯಲ್ಲಿ, ಅದರ ಎದುರು "ಭಾರತದಲ್ಲಿ ಬೆಳಿಗ್ಗೆ 7:30" ಎಂದು ಯಾರೋ ಚಳಿಗಾಲದಲ್ಲಿ ಬರೆದಿಟ್ಟಿದ್ದರು. ಏನಾದರೂ ಕೆಟ್ಟರೆ ಏಳೂವರೆಗೆ ತಾನೇ ತಿಳಿಯುವುದು, ಅಷ್ಟರಲ್ಲಿ ಹೂರಣ ಮುಗಿದಿರುತ್ತದೆ ಎಂದು ಲೆಕ್ಕ ಹಾಕಿದೆ. ಅಮೆರಿಕದವರು ಮಾರ್ಚ್ 12ಕ್ಕೇ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು. ಅಂದಿನಿಂದ ಆ ಜಾಬ್ ನಮಗೆ ಆರೂವರೆಗೇ ಓಡುತ್ತಿತ್ತು.

ಕುಕ್ಕರ್‌ನಲ್ಲಿ ಆರು ಕೂಗು ಕೂಗಿಸಿದ ಬೇಳೆ ಹಿಟ್ಟಾಗಿ ಕರಗಿತ್ತು. ನೀರು ಬಸಿಯಲು ಪುರುಸೊತ್ತಿಲ್ಲದೆ ಅದಕ್ಕೇ ಬೆಲ್ಲ ಸುರಿದು ಕೈಯಾಡಿಸುತ್ತಿದ್ದೆ. 6:40ಕ್ಕೆ ಫೋನ್ ಅರಚಿತು. ಉರಿ ಸಣ್ಣ ಮಾಡಿ ಲ್ಯಾಪ್‌ಟಾಪ್ ಮುಂದೆ ಕೂತೆ, "ಐದೇ ನಿಮಿಷ" ಎಂದುಕೊಂಡೆ. ಹೆಸರನ್ನು ಹಿಂದಕ್ಕೆ ತಿರುಗಿಸಿದರೆ ಹೊಸ ಕೋಡ್ ಬೀಳುತ್ತದೆ, ಬಿಟ್ಟರೆ ಜಾಬ್ ಬೀಳುತ್ತದೆ. ಕೊನೆಗೆ ಹಳೆಯ ಹೆಸರು ಕಾಣುವ ಹಾಗೆ ಒಂದು ವ್ಯೂ (ಅದೇ ಟೇಬಲನ್ನು ತೋರಿಸುವ ಕಿಟಕಿ) ಕಟ್ಟಿ, ಜಾಬನ್ನು ಅದರ ಕಡೆಗೆ ತಿರುಗಿಸಿ, ಮತ್ತೆ ಓಡಿಸಿ ಏಳುವಾಗ 8:15. ನನ್ನ ಹೆಂಡತಿ ನೈಟ್ ಡ್ಯೂಟಿ ಮುಗಿಸಿ ಬಂದವಳು ಲಿಫ್ಟ್‌ನಿಂದ ಇಳಿಯುವಾಗಲೇ ಸೀದ ವಾಸನೆ ಹಿಡಿದಿದ್ದಳು. ಮೇಲೆ ಪಾಯಸ, ಕೆಳಗೆ ಇದ್ದಿಲು. ಅಷ್ಟಕ್ಕೇ ನಿಲ್ಲಿಸಿದ್ದರೆ ಮೇಲಿನದಾದರೂ ಉಳಿಯುತ್ತಿತ್ತು. ನಾನು ಗಾಬರಿಯಲ್ಲಿ ತಳವನ್ನೂ ಕೆರೆದು ಕಲಸಿದೆ. ಮೇಲಿಂದ ಗಟ್ಟಿಯಾಗಲಿ ಎಂದು ಎರಡು ಹಿಡಿ ಮೈದಾ ಹಾಕಿದೆ. ತಟ್ಟಿದ ಒಬ್ಬಟ್ಟನ್ನು ಅತ್ತೆಯವರು ಹರಿಯಲಾರದೆ ಎರಡೂ ಕೈಯಲ್ಲಿ ಎಳೆದರು. ಧಾರವಾಡದವರು, ದೊಡ್ಡ ಮನಸ್ಸು, "ಬೆಲ್ಲ ಛಲೋ ಅದ" ಎಂದಷ್ಟೇ ಹೇಳಿದರು.

ಈಗ ಬೇಳೆಗೆ ಬರೋಣ. ಕೂಗಿನ ಲೆಕ್ಕವನ್ನೇ ಬಿಡಿ. ಹಾಕಿನ್ಸ್ ಮುಚ್ಚಳ ಒಳಗಿಂದ ಕೂರುವಂಥದ್ದು, ಹೊರಮುಚ್ಚಳದ ಪ್ರೆಸ್ಟೀಜ್‌ನ ಕೂಗಿಗೂ ಅದರ ಕೂಗಿಗೂ ತಾಳೆಯಾಗುವುದಿಲ್ಲ. ನಿಮಗೆ "ಐದು" ಎಂದವರ ಮನೆಯ ಕುಕ್ಕರ್ ಯಾವುದು, ಎಷ್ಟು ಲೀಟರಿನದು, ಬೇಳೆ ನೆನೆಹಾಕಿದ್ದರೋ ಇಲ್ಲವೋ, ಯಾರಿಗೆ ಗೊತ್ತು? ನೀರಿನದ್ದೇ ಒಂದು ದೊಡ್ಡ ಕತೆ. ಬೋರ್‌ವೆಲ್ ಗಡಸು ನೀರಿನಲ್ಲಿ ಬೇಳೆ ಬೇಯುವುದೇ ತಡ, ಅದರಲ್ಲಿರುವ ಸುಣ್ಣದ ಅಂಶ ಬೇಳೆಯನ್ನು ಬಿಗಿ ಮಾಡುತ್ತದೆ. ವೈಟ್‌ಫೀಲ್ಡ್ ಕಡೆಯ ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟ್‌ನಲ್ಲಿ ಆರು ಕೂಗು ಕೇಳುವ ಬೇಳೆ, ಕಾವೇರಿ ನೀರು ಬರುವ ಜಯನಗರದಲ್ಲಿ ಮೂರಕ್ಕೇ ಮುದ್ದೆಯಾಗಬಹುದು. ಒಬ್ಬಟ್ಟಿನ ಬೇಳೆಗೆ ಮಾತ್ರ ನಾನು ಫಿಲ್ಟರ್ ನೀರು ಹಾಕುತ್ತೇನೆ. ಉಳಿದ ದಿನ ಅಷ್ಟು ದೌಲತ್ತು ಬೇಡ.

ನಾನು ಈಗ ಮಾಡುವುದು ಹೀಗೆ. ಒಂದು ಗಂಟೆ ನೆನೆಸಿದ ಬೇಳೆ, ಅಗಲ ಬಾಯಿಯ ಪಾತ್ರೆ, ಮುಚ್ಚಳವಿಲ್ಲದೆ, ಧಾರಾಳ ನೀರು, ಒಂದು ಚಮಚ ಎಣ್ಣೆ. ನೊರೆ ಬಂದರೆ ತೆಗೆಯಿರಿ. ಇಪ್ಪತ್ತು ನಿಮಿಷ ಆದ ಮೇಲೆ ಎರಡೆರಡು ನಿಮಿಷಕ್ಕೆ ಒಂದು ಬೇಳೆ ತೆಗೆದು ಹಿಸುಕಿ ನೋಡಿ. ನೋಡಲು ಇಡಿಯಾಗಿರಬೇಕು, ಬೆರಳ ಮಧ್ಯೆ ಪುಡಿಯಾಗಬೇಕು. ಒಳಗೆ ಬಿಳಿ ಚುಕ್ಕಿ ಕಂಡರೆ ಇನ್ನೂ ಬೇಕು. ಇದು ಬರುವ ಮೊದಲು ಬೆಲ್ಲ ಹಾಕಿದಿರೋ, ಬೇಳೆ ಅಲ್ಲಿಗೇ ನಿಲ್ಲುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ಬಸಿಯುವ ತಟ್ಟೆಯಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ಬಿಡಿ. ನೂರಕ್ಕೆ ತೊಂಬತ್ತು ನೀರು ಹೂರಣಗಳು ಈ ಇಪ್ಪತ್ತು ನಿಮಿಷವನ್ನು ಉಳಿಸಲು ಹೋಗಿ ಹುಟ್ಟಿದವು.

ಬೇಳೆ ಕಾಲು ಕಿಲೋ ಇದ್ದರೆ ಬೆಲ್ಲವೂ ಅಷ್ಟೇ. ಹೊಳೆಯುವ ಹಳದಿ ಬೆಲ್ಲ ತರಬೇಡಿ, ಆ ಬಣ್ಣ ಬರಿಸಲು ಹೈಡ್ರೋಸ್ ಎಂಬ ಬಿಳುಪಿಸುವ ರಾಸಾಯನಿಕ ಹಾಕುವವರಿದ್ದಾರೆ. ಮಂಡ್ಯದ ಕಂದು ಅಚ್ಚು ಸಿಕ್ಕರೆ ಸಾಕು. ಪುಡಿ ಬೆಲ್ಲದ ಸುಂದರ ಪೊಟ್ಟಣಗಳ ಮೇಲೆ ನನಗೆ ನಂಬಿಕೆ ಇಲ್ಲ, ಇದು ಬರೀ ನನ್ನ ಹಟ ಎಂದು ಬೇಕಾದರೂ ತಿಳಿಯಿರಿ. ಕಲ್ಲು ಮಣ್ಣು ಕಂಡರೆ ಅರ್ಧ ಸೌಟು ನೀರಿನಲ್ಲಿ ಕರಗಿಸಿ, ಶೋಧಿಸಿ, ಆ ನೀರು ಪೂರ್ತಿ ಇಂಗುವ ತನಕ ಕುದಿಸಿ, ಆಮೇಲೆ ಬೇಳೆ ಸೇರಿಸಿ. ಸೌಟು ನೆಟ್ಟರೆ ನಿಲ್ಲಬೇಕು. ಬಿಸಿಯಲ್ಲಿ ಸ್ವಲ್ಪ ಸಡಿಲ ಕಂಡರೆ ಹೆದರಬೇಡಿ, ಆರಿದ ಮೇಲೆ ಇನ್ನಷ್ಟು ಬಿಗಿಯುತ್ತದೆ. ಬೆಚ್ಚಗಿರುವಾಗಲೇ ರುಬ್ಬಿ, ತಣ್ಣಗಾದರೆ ಮಿಕ್ಸಿ ನರಳುತ್ತದೆ, ನೀವು ಕರುಣೆಯಿಂದ ನೀರು ಹಾಕುತ್ತೀರಿ, ಮತ್ತೆ ಮೊದಲಿನ ಕತೆ. ಸುಜಾತಾ ಮಿಕ್ಸಿ ಇದ್ದವರು ಪುಣ್ಯವಂತರು, ಆದರೆ ಅದರ ಸದ್ದು ಕೆಳಗಿನ ಎರಡು ಮಹಡಿಗೆ ಕೇಳುತ್ತದೆ, ಆದ್ದರಿಂದ ರಾತ್ರಿ ಒಂಬತ್ತರೊಳಗೆ ಮುಗಿಸಿ.

ಹೌದು, ರಾತ್ರಿ. ಹೂರಣ ಇವತ್ತೇ ಮುಗಿಯಬೇಕು. ಆನ್‌ಕಾಲ್ ಇರುವವನು ಹಬ್ಬದ ಬೆಳಗ್ಗೆ ತಟ್ಟಿ ಬೇಯಿಸುವ ಕೆಲಸವನ್ನಷ್ಟೇ ಇಟ್ಟುಕೊಳ್ಳಬೇಕು. ತವಾದ ಮೇಲಿನ ಒಬ್ಬಟ್ಟನ್ನು ಇಳಿಸಿ ಒಲೆ ಆರಿಸಿ ಓಡಬಹುದು, ಬೆಲ್ಲ ಹಾಕಿದ ಬೇಳೆಯನ್ನು ಬಿಟ್ಟು ಓಡಲಾಗುವುದಿಲ್ಲ. ಹೂರಣವನ್ನು ಫ್ರಿಜ್‌ನಲ್ಲಿಡಿ, ಈ ಸೆಕೆಗೆ ಹೊರಗಿಟ್ಟರೆ ಹುಳಿಯುತ್ತದೆ. ಕಣಕವನ್ನೂ ರಾತ್ರಿಯೇ ಕಲಸಿ, ಅರ್ಧ ಚಿರೋಟಿ ರವೆ, ಅರ್ಧ ಮೈದಾ, ಕೈಗೆ ಅಂಟುವಷ್ಟು ಮೆತ್ತಗೆ, ಮೇಲೆ ಮುಳುಗುವಷ್ಟು ಎಣ್ಣೆ. ಬೆಳಿಗ್ಗೆ ಎರಡನ್ನೂ ಒಂದು ಗಂಟೆ ಮೊದಲೇ ಹೊರಗೆ ತೆಗೆಯಿರಿ. ಇದನ್ನು ಮರೆತು ತಣ್ಣನೆಯ ಹೂರಣ ತುಂಬಿದರೆ ಕಣಕ ಹರಿಯುತ್ತದೆ, ನನ್ನನ್ನು ಬೈಯಬೇಡಿ.

ಇಷ್ಟಾಗಿಯೂ ನೀರಾದರೆ? ರುಬ್ಬುವ ಮೊದಲೇ ಗೊತ್ತಾದರೆ ಒಬ್ಬಟ್ಟಿನ ಆಸೆ ಬಿಟ್ಟು ತುಪ್ಪ, ಗಸಗಸೆ, ಕೊಬ್ಬರಿ ತುರಿ, ಗೋಡಂಬಿ ಹಾಕಿ ಹಯಗ್ರೀವ ಎಂದು ಬಡಿಸಿ. ಯಾರಿಗೂ ಏನೂ ತಿಳಿಯುವುದಿಲ್ಲ. ರುಬ್ಬಿದ ಮೇಲೆ ಗೊತ್ತಾದರೆ ಅಗಲ ಬಾಣಲೆಯಲ್ಲಿ ತೆಳ್ಳಗೆ ಹರಡಿ ಸಣ್ಣ ಉರಿಯಲ್ಲಿ ಒಣಗಿಸಿ, ಬೇಕಿದ್ದರೆ ಎರಡು ಚಮಚ ಹುರಿಗಡಲೆ ಹಿಟ್ಟು. ಮೈದಾ ಬೇಡ. ತಳ ಹಿಡಿದಿದ್ದರೆ ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ, ತಳಕ್ಕೆ ಸೌಟು ತಾಗಿಸಲೇಬೇಡಿ. ತೊಗರಿಬೇಳೆಯದೇ ನಿಜವಾದ ಒಬ್ಬಟ್ಟು ಎಂದು ಇಲ್ಲಿ ಒಬ್ಬರು ಬರೆದಿದ್ದಾರೆ. ತುಮಕೂರಿನ ನಮ್ಮ ಅಮ್ಮನ ಮತವೂ ಅದೇ. ಮನೆಯಲ್ಲಿ ಎರಡೂ ಪಕ್ಷದವರಿರುವುದರಿಂದ ನಾನು ಬಾಯಿ ಬಿಡುವುದಿಲ್ಲ.

ಇನ್ನು ಆ "ಚಿಕ್ಕ" ರಿಲೀಸ್. ಹೆಸರು ಬದಲಾವಣೆ ಚಿಕ್ಕದಲ್ಲ, ಸ್ವಾಮಿ. ಹೊಸ ಕಾಲಂ ಸೇರಿಸಿ, ಕೆಲವು ದಿನ ಎರಡಕ್ಕೂ ಬರೆಯಿರಿ, ಹಳೆಯ ಸಾಲುಗಳನ್ನು ತುಂಬಿಸಿ, ಓದುವವರನ್ನು ಒಬ್ಬೊಬ್ಬರಾಗಿ ಹೊಸದಕ್ಕೆ ಕರೆತನ್ನಿ, ಹಳೆಯದನ್ನು ಯಾರೂ ಮುಟ್ಟುತ್ತಿಲ್ಲ ಎಂದು ಲಾಗ್‌ನ ದಾಖಲೆ ಹೇಳಿದ ಮೇಲೆ ತೆಗೆಯಿರಿ. ನಾಲ್ಕು ರಿಲೀಸ್ ಆಗುತ್ತದೆ, ಆಗಲಿ. ಹಳೆಯದನ್ನು ತೆಗೆಯುವ ತನಕ ಪ್ರತಿ ಹಂತದಲ್ಲೂ ಹಿಂದಕ್ಕೆ ಬರಲು ದಾರಿ ಇರುತ್ತದೆ. "ಏನಾದರೂ ಆದರೆ ರೋಲ್‌ಬ್ಯಾಕ್ ಮಾಡಿದರಾಯಿತು" ಎಂದು, ಅಂದರೆ ಹಿಂದಿನ ಸ್ಥಿತಿಗೆ ತಂದರಾಯಿತು ಎಂದು, ಕೆಳಗೆ ಧೈರ್ಯ ತುಂಬಿದವರು 2024ರ ಜುಲೈ 19ರ ಶುಕ್ರವಾರವನ್ನು ನೆನಪಿಸಿಕೊಳ್ಳಲಿ. ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿ ತನ್ನ ದೋಷದ ಫೈಲನ್ನು ಒಂದೂವರೆ ಗಂಟೆಯೊಳಗೇ ಹಿಂದಕ್ಕೆ ಪಡೆದಿತ್ತು. ಆದರೆ ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದ್ದವು, ಬಹುಪಾಲನ್ನು ಜನ ಕೈಯಾರೆ ಎಬ್ಬಿಸಬೇಕಾಯಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟ ದಿನ ಅದು.

ಇದಲ್ಲದೆ ಯುಗಾದಿಯ ಗ್ರಹಚಾರವೇ ಬೇರೆ. ಮಾರ್ಚ್ 31ರ ಆರ್ಥಿಕ ವರ್ಷಾಂತ್ಯದ ಸುತ್ತಮುತ್ತಲೇ ಬರುತ್ತದೆ, ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುವವರೆಲ್ಲ ಉಸಿರು ಬಿಗಿಹಿಡಿದಿರುವ ಹೊತ್ತು. ಅಮೆರಿಕದ ಗಡಿಯಾರ ಮಾರ್ಚ್‌ನ ಎರಡನೇ ಭಾನುವಾರ ತಿರುಗುತ್ತದೆ, ಯುರೋಪಿನದು ಕೊನೆಯ ಭಾನುವಾರ. ಈ ಸಲದ (2026ರ) ಹಬ್ಬ, ಮಾರ್ಚ್ 19, ಸರಿಯಾಗಿ ಆ ಎರಡರ ನಡುವೆ ಬಿದ್ದಿದೆ. ನಿಮ್ಮ ರನ್‌ಬುಕ್‌ನಲ್ಲಿ ಭಾರತದ ಸಮಯ ಬರೆದಿರುವ ಸಾಲುಗಳನ್ನೆಲ್ಲ ಇವತ್ತೇ ಒಮ್ಮೆ ನೋಡಿ. ಆ ಜಾಬ್ ಯಾವ ಊರಿನ ಸಮಯಕ್ಕೆ ಓಡುತ್ತದೆ ಎಂದು ಪಕ್ಕದಲ್ಲಿ ಬರೆದಿಡಿ. ನಾಳೆ ಗುರುವಾರ, ಶುಕ್ರವಾರ ರಜೆ ಹಾಕಿ ಊರಿಗೆ ಹೊರಟವರ ಪಟ್ಟಿಯನ್ನೂ ನೋಡಿ, ಏನಾದರೂ ಮುರಿದರೆ ಯಾರನ್ನು ಎಬ್ಬಿಸುತ್ತೀರಿ ಎಂದು ತಿಳಿಯುತ್ತದೆ.

"ಬೇಡ ಎಂದರೆ ಮ್ಯಾನೇಜರ್ ಏನಂದುಕೊಳ್ಳುತ್ತಾರೋ, ಈಗ ಕೆಲಸ ಕಳೆದುಕೊಳ್ಳುವ ಕಾಲ" ಎಂದೂ ಬರೆದಿದ್ದೀರಿ. ಆ ಭಯ ನನಗೂ ಇದೆ, ಸುಳ್ಳು ಹೇಳುವುದಿಲ್ಲ. ಮನೆ ಸಾಲದ ಕಂತು ಕಟ್ಟುವ ಯಾರಿಗಿಲ್ಲ? ಆದರೆ "ಬೇಡ" ಎಂದು ಏಕೆ ಬರೆಯುತ್ತೀರಿ? "ಸೋಮವಾರ ಬೆಳಿಗ್ಗೆ 11ಕ್ಕೆ ಮಾಡುತ್ತೇನೆ, ಆಗ ಡೇಟಾಬೇಸ್ ತಂಡವೂ ಇರುತ್ತದೆ, ಈ ಟೇಬಲ್ ಓದುವ ಜಾಬ್‌ಗಳ ಪಟ್ಟಿಯನ್ನು ಅಷ್ಟರಲ್ಲಿ ಕಳಿಸುತ್ತೇನೆ" ಎಂದು ಬರೆಯಿರಿ. ಹಬ್ಬದ ಸುದ್ದಿಯನ್ನೇ ಎತ್ತಬೇಡಿ. 2023ರಲ್ಲಿ ನಾನು ಹಟ ಹಿಡಿದು ರಾತ್ರಿಯೇ ಮುಗಿಸಿದ್ದಕ್ಕೆ ಒಬ್ಬರೂ ಶಹಬ್ಬಾಸ್ ಹೇಳಲಿಲ್ಲ, ಬೆಳಗಿನ ಎಡವಟ್ಟು ಮಾತ್ರ ವರ್ಷದ ಕೊನೆಯ ಮಾತುಕತೆಯ ತನಕ ನೆನಪಿತ್ತು.

ಆನ್‌ಕಾಲ್ ಬದಲಿಗೆ ಯಾರನ್ನು ಕೇಳಬೇಕು ಎಂಬುದಕ್ಕೂ ಒಂದು ಪಂಚಾಂಗ ಬೇಕು. ತೆಲುಗಿನವರಿಗೂ ನಾಳೆಯೇ ಉಗಾದಿ, ಮರಾಠಿಯವರಿಗೆ ಗುಡಿ ಪಾಡ್ವಾ. ಈ ಸಲ ರಂಜಾನ್ ಹಬ್ಬವೂ ಬೆನ್ನಿಗೇ ಇದೆ, ಆ ಗೆಳೆಯರನ್ನೂ ಕೇಳಬೇಡಿ. ಮಲಯಾಳಿಯನ್ನೋ ತಮಿಳರನ್ನೋ ಕೇಳಿ, ಅವರ ವಿಷು, ಪುತ್ತಾಂಡು ಏಪ್ರಿಲ್ ಮಧ್ಯಕ್ಕೆ ಬರುತ್ತವೆ, ಆಗ ನೀವು ನಿಂತುಕೊಳ್ಳಿ. ನಾನು ನಮ್ಮ ಕಣ್ಣೂರಿನ ಗೆಳೆಯನಿಗೆ ಓಣಂ ಕೊಟ್ಟು ಯುಗಾದಿ ಪಡೆಯುತ್ತೇನೆ, ಜೊತೆಗೆ ಬಾಳೆಕಾಯಿ ಉಪ್ಪೇರಿಯೂ (ಚಿಪ್ಸ್) ಬರುತ್ತದೆ. ದೀಪಾವಳಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ಚೀಟಿ ಎತ್ತುವುದೇ ಸರಿ.

ಯಾರೂ ಸಿಗದಿದ್ದರೆ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಡಬೇಡಿ. ಕಣಕದ ಎಣ್ಣೆ ಕೀಲಿಮಣೆಯೊಳಗೆ ಇಳಿದರೆ ಹೋಗುವುದಿಲ್ಲ, ನನ್ನದರಲ್ಲಿ ಎಂಟರ್ ಕೀಲಿ ಇವತ್ತಿಗೂ ಜಾರುತ್ತದೆ. ಫೋನಿಗೆ ಬೆರಳಚ್ಚಿನ ಬೀಗ ಇದ್ದರೆ ಎಣ್ಣೆ ಬೆರಳಿಗೆ ತೆರೆಯುವುದಿಲ್ಲ, ಅಂಕಿಯ ಪಾಸ್‌ವರ್ಡ್ ಮರೆತಿಲ್ಲ ತಾನೇ? ತಟ್ಟಲು ಬಾಳೆ ಎಲೆ ಸಾಕು, ಪ್ಲಾಸ್ಟಿಕ್ ಹಾಳೆ ಬಿಸಿ ತವಾದ ಹತ್ತಿರ ಬೇಡ. ಕಬ್ಬಿಣದ ತವಾ ಹಿಂದಿನ ದಿನವೇ ಎಣ್ಣೆ ಕುಡಿದಿರಲಿ.

ಬಸಿದ ಕಟ್ಟನ್ನು ದಯವಿಟ್ಟು ಸಿಂಕಿಗೆ ಸುರಿಯಬೇಡಿ, ನೀವು ಹಾಕಿದ ಚಿತ್ರದಲ್ಲಿ ನಿಮ್ಮ ಪಾತ್ರೆ ಸಿಂಕಿನ ಅಂಚಿನಲ್ಲಿದ್ದುದನ್ನು ಕಂಡೇ ಹೇಳುತ್ತಿದ್ದೇನೆ. ಅದಕ್ಕೆ ಒಂದು ಹಿಡಿ ಹೂರಣ, ಹುಣಸೆ, ಸಾರಿನ ಪುಡಿ, ಹುರಿದ ಕೊಬ್ಬರಿ ಸೇರಿಸಿದರೆ ಸಾರು. ನಾಳೆಗಿಂತ ನಾಡಿದ್ದು ರುಚಿ ಹೆಚ್ಚು, ಶುಕ್ರವಾರ ಒಬ್ಬರೇ ಕೂತು ಅಲರ್ಟ್ ಕಾಯುವಾಗ ಬಿಸಿ ಅನ್ನಕ್ಕೆ ಅದೇ ಆಸರೆ.

ಗಂಟೆ ಐದಾಯಿತು. ಮೊದಲು ಬೇಳೆ ನೆನೆಹಾಕಿ, ಅದು ನೆನೆಯುವಷ್ಟರಲ್ಲಿ ಆ ಮೇಲ್ ಕಳಿಸಿ.