ಪೋಲಿಯೊ ಹನಿ ಬಾಯಿಗೆ, ಚುಚ್ಚುಮದ್ದು ತೋಳಿಗೆ: ಎರಡೂ ಯಾಕೆ ಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮಗುವಿಗೆ ಪೋಲಿಯೊ ಹನಿಯನ್ನೂ ಹಾಕಿಸಿದ್ದೀರಿ, ಚುಚ್ಚುಮದ್ದನ್ನೂ ಕೊಡಿಸಿದ್ದೀರಿ. ಒಂದೇ ಕಾಯಿಲೆಗೆ ಎರಡು ಯಾಕೆ? ಕರುಳಿನ ಡೆಂಡ್ರಿಟಿಕ್ ಕೋಶ ಅಂತ ಎಲ್ಲೋ ಓದಿದ್ದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಇದೆ, ತುಂಬಾ ಇದೆ. ನಾನು ಪಿಎಚ್‌ಡಿ ಮಾಡಿದ್ದೇ ಇಲಿಗಳ ಕರುಳಿನಲ್ಲಿ ಈ ಕೋಶಗಳನ್ನು ಹುಡುಕುತ್ತಾ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಕೋಶದ ಪರಿಚಯ. 1973ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಝನ್‌ವಿಲ್ ಕೋನ್ ಇಲಿಯ ಗುಲ್ಮದಲ್ಲಿ (ಸ್ಪ್ಲೀನ್) ಇದನ್ನು ಗುರುತಿಸಿದರು. ಕೊಂಬೆ ಕೊಂಬೆಯಾಗಿ ಕೈ ಚಾಚಿಕೊಂಡಿರುತ್ತದೆ. ಗ್ರೀಕ್ ಭಾಷೆಯಲ್ಲಿ ಮರಕ್ಕೆ ಡೆಂಡ್ರಾನ್ ಅನ್ನುತ್ತಾರೆ, ಹೆಸರು ಬಂದಿದ್ದು ಅಲ್ಲಿಂದ. ಇದು ತಾನಾಗಿ ರೋಗಾಣುವಿನ ಜೊತೆ ಯುದ್ಧ ಮಾಡುವ ಕೋಶ ಅಲ್ಲ. ಸಿಕ್ಕಿದ್ದರ ಒಂದು ಚೂರನ್ನು ಎತ್ತಿಕೊಂಡು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತದೆ. ಕಾಲಿಗೆ ಗಾಯವಾದಾಗ ತೊಡೆಸಂದಿಯಲ್ಲಿ ಗಂಟು ಏಳುತ್ತದಲ್ಲ, ಅದೇ ದುಗ್ಧಗ್ರಂಥಿ. ಅಲ್ಲಿ ಕಾದಿರುವ ಟಿ ಕೋಶ ಅನ್ನುವ ಬಿಳಿ ರಕ್ತಕಣಗಳಿಗೆ ಆ ಚೂರನ್ನು ತೋರಿಸುತ್ತದೆ. ಹೋರಾಡಬೇಕಾ, ಸುಮ್ಮನಿರಬೇಕಾ ಅನ್ನುವ ಸೂಚನೆಯೂ ಜೊತೆಗೇ ಸಿಗುತ್ತದೆ. ಕರುಳಿನಿಂದ ಬಂದ ಕೋಶವಾದರೆ ಇನ್ನೊಂದನ್ನೂ ಹೇಳುತ್ತದೆ: ಎಲ್ಲಿಗೆ ಹೋಗಬೇಕು ಅನ್ನುವುದನ್ನು. ನಿಮ್ಮ ಪ್ರಶ್ನೆಯ ಉತ್ತರ ಇರುವುದು ಅಲ್ಲಿ.

ಕರುಳಿನ ಒಳಮೈಯನ್ನು ಬಿಡಿಸಿ ಹರಡಿದರೆ ಸುಮಾರು 30 ಚದರ ಮೀಟರ್ ಆಗುತ್ತದೆ. ಅಷ್ಟಕ್ಕೂ ಕಾವಲು ಒಂದೇ ಒಂದು ಪದರ ಕೋಶ. ಆ ಪದರದ ಈಚೆ ಊಟ, ಲೋಳೆ, ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಆಚೆ ಡೆಂಡ್ರಿಟಿಕ್ ಕೋಶಗಳು. ಪದರ ಒಡೆಯದೆ ಚೂರು ಒಳಗೆ ಬರುವುದು ಹೇಗೆ? ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಸಣ್ಣ ಕರುಳಿನ ಗೋಡೆಯಲ್ಲಿ ಪೇಯರ್ ಮಚ್ಚೆ ಅನ್ನುವ ಉಬ್ಬುಗಳಿವೆ. ಅದರ ಮೇಲಿರುವ ಎಂ ಕೋಶಗಳು ಕರುಳಿನಲ್ಲಿ ಇರುವುದನ್ನು ಹೀರಿ ಕೆಳಗೆ ದಾಟಿಸುತ್ತವೆ. ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳೂ ಸಣ್ಣ ಚೂರುಗಳನ್ನು ಕೆಳಗಿನ ಡೆಂಡ್ರಿಟಿಕ್ ಕೋಶಗಳ ಕೈಗೆ ದಾಟಿಸುತ್ತವೆ ಅಂತ 2012ರಲ್ಲಿ ಇಲಿಗಳಲ್ಲಿ ಕಂಡುಬಂತು. ಡೆಂಡ್ರಿಟಿಕ್ ಕೋಶವೇ ಪದರದ ಸಂದಿಯಿಂದ ಕೈ ಹೊರಗೆ ಚಾಚುತ್ತದೆ ಅಂತ 2001ರಲ್ಲಿ ಒಂದು ವರದಿ ಬಂದಿತ್ತು. ಆ ಚಿತ್ರ ಈಗಲೂ ಎಲ್ಲ ಕಡೆ ಓಡಾಡುತ್ತದೆ. ಆದರೆ ಹಾಗೆ ಕೈ ಚಾಚುವವು ಹೆಚ್ಚಾಗಿ ಮ್ಯಾಕ್ರೊಫೇಜ್ ಅನ್ನುವ, ರೋಗಾಣು ನುಂಗುವ ಕೋಶಗಳ ಜಾತಿಯವು, ಅವು ಜಾಗ ಬಿಟ್ಟು ಹೋಗುವುದು ಕಡಿಮೆ ಅಂತ ಆಮೇಲೆ ಗೊತ್ತಾಯಿತು. ಹೊರಟು ದುಗ್ಧಗ್ರಂಥಿ ತಲುಪುವವರಲ್ಲಿ ಮುಖ್ಯರು ಮೈಮೇಲೆ ಸಿಡಿ103 ಅನ್ನುವ ಗುರುತಿರುವ ಡೆಂಡ್ರಿಟಿಕ್ ಕೋಶಗಳು.

ಆ ಗ್ರಂಥಿಗಳನ್ನು ನಾನು ಕೈಯಾರೆ ಬಿಡಿಸಿದ್ದೇನೆ. ಇಲಿಯ ಹೊಟ್ಟೆ ತೆರೆದು ಕರುಳನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿದರೆ, ಅದನ್ನು ಹಿಡಿದಿಟ್ಟಿರುವ ತೆಳು ಪೊರೆಯ ನಡುವೆ ಕೊಬ್ಬಿನಲ್ಲಿ ಹುದುಗಿರುವ ಸಣ್ಣ ಮಣಿಸಾಲು ಕಾಣಿಸುತ್ತದೆ. ಬಣ್ಣ ಮಾಸಲು ಬಿಳಿ, ಕೊಬ್ಬಿನದ್ದೂ ಹೆಚ್ಚುಕಡಿಮೆ ಅದೇ ಬಣ್ಣ. ಶುರುವಿನಲ್ಲಿ ಎಷ್ಟೋ ಸಲ ಬರೀ ಕೊಬ್ಬನ್ನೇ ಕಿತ್ತುಕೊಂಡು ಬಂದಿದ್ದೇನೆ. ಕೊನೆಗೆ ಸೀನಿಯರ್ ಒಬ್ಬರು ಹೇಳಿಕೊಟ್ಟರು: ತಟ್ಟೆಯಲ್ಲಿರುವ ದ್ರವಕ್ಕೆ ಹಾಕಿ ನೋಡು, ತೇಲಿದರೆ ಕೊಬ್ಬು, ಮುಳುಗಿದರೆ ಗ್ರಂಥಿ. ಅಂಥ ಒಂದು ಮಣಿಯನ್ನು ಜಾಲರಿಯ ಮೇಲಿಟ್ಟು ಉಜ್ಜಿದರೆ ಲಕ್ಷಗಟ್ಟಲೆ ಕೋಶ ಸಿಗುತ್ತವೆ. ಡೆಂಡ್ರಿಟಿಕ್ ಕೋಶಗಳು ನೂರಕ್ಕೆ ಕೆಲವು ಮಾತ್ರ. ಅಷ್ಟು ಕಡಿಮೆ ಇದ್ದರೂ ಉಳಿದವರಿಗೆಲ್ಲ ದಾರಿ ತೋರಿಸುವುದು ಇವೇ.

ಈಗ ವಿಷಯದ ತಿರುಳು. ಕರುಳಿನಿಂದ ಬಂದ ಡೆಂಡ್ರಿಟಿಕ್ ಕೋಶದ ಹತ್ತಿರ ಒಂದು ಕಿಣ್ವ ಇದೆ. ನಾವು ತಿಂದ ನುಗ್ಗೆಸೊಪ್ಪು, ಪಪ್ಪಾಯಿ, ಮೊಟ್ಟೆಯಿಂದ ಬಂದ ವಿಟಮಿನ್ ಎ ಅನ್ನು ಅದು ರೆಟಿನೋಯಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಟಿ ಕೋಶಕ್ಕೆ ಚೂರು ತೋರಿಸುವಾಗ ಈ ಆಮ್ಲವೂ ಅದಕ್ಕೆ ತಾಗುತ್ತದೆ. ಆಗ ಟಿ ಕೋಶ ತನ್ನ ಮೈಮೇಲೆ ಎರಡು ಹೊಸ ಗುರುತು ಮೂಡಿಸಿಕೊಳ್ಳುತ್ತದೆ: ಆಲ್ಫಾ4ಬೀಟಾ7 ಮತ್ತು ಸಿಸಿಆರ್9. ಇವು ಕರುಳಿನ ವಿಳಾಸ ಇದ್ದ ಹಾಗೆ. ರಕ್ತದಲ್ಲಿ ಸುತ್ತುತ್ತಾ ಕರುಳಿನ ರಕ್ತನಾಳ ಬಂದಾಗ ಆ ಕೋಶ ಅಲ್ಲಿ ಅಂಟಿಕೊಂಡು ಒಳಗೆ ಇಳಿಯುತ್ತದೆ. ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೂ ಇದೇ ಪಾಠ ಆಗುತ್ತದೆ. ಜೊತೆಗೆ ಅವು ಐಜಿಎ ಅನ್ನುವ ಪ್ರತಿಕಾಯ ತಯಾರಿಸಲು ಶುರುಮಾಡುತ್ತವೆ. ಕರುಳಿನೊಳಗೆ ಸುರಿದು, ವೈರಸ್ಸು ಗೋಡೆಗೆ ಅಂಟದ ಹಾಗೆ ತಡೆಯುವುದು ಈ ಐಜಿಎ. ಆಹಾರದಲ್ಲಿ ವಿಟಮಿನ್ ಎ ಇಲ್ಲದೆ ಬೆಳೆಸಿದ ಇಲಿಗಳ ಕರುಳಿನಲ್ಲಿ ಟಿ ಕೋಶಗಳೂ ಕಡಿಮೆ, ಐಜಿಎ ಕೋಶಗಳೂ ಕಡಿಮೆ.

ಬಾಯಿಗೆ ಹಾಕಿದ ಹನಿ ಕರುಳಿಗೇ ಇಳಿಯುವುದರಿಂದ ಈ ಪಾಠವೆಲ್ಲ ಆಗುತ್ತದೆ. ತೋಳಿಗೆ ಚುಚ್ಚಿದರೆ? ಲಸಿಕೆ ಹೋಗುವುದು ಕಂಕುಳಿನ ಗ್ರಂಥಿಗೆ. ಅಲ್ಲಿನ ಡೆಂಡ್ರಿಟಿಕ್ ಕೋಶಗಳೂ ಚುರುಕಾಗಿಯೇ ಕೆಲಸ ಮಾಡುತ್ತವೆ. ಆದರೆ ಕರುಳಿನ ವಿಳಾಸ ಬರೆದುಕೊಡುವುದು ಅವಕ್ಕೆ ಅಷ್ಟಾಗಿ ಬರುವುದಿಲ್ಲ. ರಕ್ತದಲ್ಲಿ ಒಳ್ಳೆ ಪ್ರತಿಕಾಯ ತಯಾರಾಗುತ್ತದೆ. ಪೋಲಿಯೊ ವೈರಸ್ಸು ನರಕ್ಕೆ ಹೋಗುವುದನ್ನು ಅದು ತಡೆಯುತ್ತದೆ, ಮಗುವಿಗೆ ಪಾರ್ಶ್ವವಾಯು ಆಗುವುದಿಲ್ಲ. ಕರುಳು ಮಾತ್ರ ಹೆಚ್ಚುಕಡಿಮೆ ಬರಿದಾಗಿಯೇ ಉಳಿಯುತ್ತದೆ.

ಇದು ಬರೀ ಪ್ರಯೋಗಾಲಯದ ಮಾತಲ್ಲ. ಇಸ್ರೇಲ್ 2005ರಲ್ಲಿ ಹನಿ ನಿಲ್ಲಿಸಿ ಚುಚ್ಚುಮದ್ದನ್ನಷ್ಟೇ ಉಳಿಸಿಕೊಂಡಿತು. 2013ರಲ್ಲಿ ಅಲ್ಲಿಯ ದಕ್ಷಿಣ ಭಾಗದ ಚರಂಡಿ ನೀರಿನಲ್ಲಿ ಪೋಲಿಯೊ ವೈರಸ್ಸು ಸಿಕ್ಕಿತು. ಒಂದು ಮಗುವಿಗೂ ಪಾರ್ಶ್ವವಾಯು ಆಗಿರಲಿಲ್ಲ. ಅಂದರೆ ಚುಚ್ಚುಮದ್ದು ಮಕ್ಕಳನ್ನು ಕಾಪಾಡಿತ್ತು, ಆದರೆ ವೈರಸ್ಸು ಅದೇ ಮಕ್ಕಳ ಕರುಳಿನಲ್ಲಿ ಬೆಳೆದು ಊರೆಲ್ಲ ಹರಡುತ್ತಿತ್ತು. ಕೊನೆಗೆ ಸರ್ಕಾರ ಮತ್ತೆ ಮಕ್ಕಳಿಗೆ ಹನಿ ಹಾಕಿಸಬೇಕಾಯಿತು.

ನಮ್ಮ ಪಕ್ಕದ ವೆಲ್ಲೂರಿನಿಂದ 2014ರಲ್ಲಿ ಬಂದ ಫಲಿತಾಂಶ ನನಗೆ ಇನ್ನೂ ಇಷ್ಟ. ಮೊದಲೇ ಹನಿ ಕುಡಿದಿದ್ದ ಮಕ್ಕಳಿಗೆ ಒಂದು ಚುಚ್ಚುಮದ್ದು ಕೊಟ್ಟರು. ಅವರ ಕರುಳಿನ ರಕ್ಷಣೆ ಜಾಸ್ತಿಯಾಯಿತು, ಮಲದಲ್ಲಿ ವೈರಸ್ಸು ಹೊರಬರುವುದು ಕಡಿಮೆಯಾಯಿತು. ತೋಳಿಗೆ ಕೊಟ್ಟದ್ದು ಕರುಳಿಗೆ ಹೇಗೆ ತಲುಪಿತು ಅನ್ನಿಸುತ್ತೆ ಅಲ್ವಾ? ಹನಿ ಕುಡಿದಾಗಲೇ ಕರುಳಿನ ವಿಳಾಸ ಕಲಿತ ನೆನಪಿನ ಕೋಶಗಳು ಮೈಯಲ್ಲಿ ಇದ್ದವು, ಚುಚ್ಚುಮದ್ದು ಅವನ್ನು ಎಬ್ಬಿಸಿತು ಅನ್ನುವುದೇ ನನಗೆ ಸರಿ ಕಾಣುವ ವಿವರಣೆ. ಚುಚ್ಚುಮದ್ದಿಗೆ ಇನ್ನೊಂದು ಕಾರಣವೂ ಇದೆ. ಪೋಲಿಯೊ ವೈರಸ್ಸಿನಲ್ಲಿ ಮೂರು ಬಗೆ. 2016ರ ಏಪ್ರಿಲ್‌ನಿಂದ ದಿನನಿತ್ಯದ ಹನಿಯಲ್ಲಿ 2ನೇ ಬಗೆಯ ವೈರಸ್ಸು ಇಲ್ಲ, ಚುಚ್ಚುಮದ್ದಿನಲ್ಲಿ ಮೂರೂ ಬಗೆ ಇವೆ.

ಇದೇ ಕೋಶಗಳ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ಕರುಳು ಶಾಂತವಾಗಿರುವಾಗ, ಸೋಂಕು ಉರಿಯೂತ ಏನೂ ಇಲ್ಲದಾಗ, ಅದೇ ರೆಟಿನೋಯಿಕ್ ಆಮ್ಲ ಟಿಜಿಎಫ್ ಬೀಟಾ ಅನ್ನುವ ಇನ್ನೊಂದು ಸಂಕೇತದ ಜೊತೆ ಸೇರಿ, ಜಗಳ ಬಿಡಿಸುವ ಟಿ ಕೋಶಗಳನ್ನು ತಯಾರಿಸುತ್ತದೆ. 2007ರಲ್ಲಿ ಕೆಲವು ತಂಡಗಳು ಇದನ್ನು ಬೇರೆ ಬೇರೆಯಾಗಿ ತೋರಿಸಿದವು. ನಾವು ತಿನ್ನುವ ರಾಗಿ, ಬೇಳೆ, ಹಾಲಿನ ಮೇಲೆ ದೇಹ ದಿನಾ ತಿರುಗಿ ಬೀಳದೆ ಇರುವುದಕ್ಕೆ ಇದೂ ಒಂದು ಕಾರಣ. ಕರುಳಿನ ಬ್ಯಾಕ್ಟೀರಿಯಾ ಜೊತೆ ಶಾಂತಿ ಕಾಯುವುದರಲ್ಲಿ ಮಾತ್ರ ಡೆಂಡ್ರಿಟಿಕ್ ಕೋಶಗಳಿಗೆ ಅಷ್ಟೂ ಶ್ರೇಯ ಸಲ್ಲದು, ಆರ್‌ಒಆರ್ ಗಾಮಾ ಟಿ ಗುರುತಿನ ಬೇರೆ ಕೋಶಗಳೂ ಇವೆ ಅಂತ 2022ರಲ್ಲಿ ಬಂತು. ನಾನು ಓದುವಾಗ ಪಾಠದಲ್ಲಿದ್ದ ಚಿತ್ರ ಈಗ ಅರ್ಧ ಬದಲಾಗಿದೆ.

ಮೇಲೆ ಹೇಳಿದ ವಿಳಾಸದ ಸಂಗತಿ ಔಷಧಿಯೂ ಆಗಿದೆ. ಕರುಳಿನ ಹುಣ್ಣಿನ ಕಾಯಿಲೆಯಾದ ಅಲ್ಸರೇಟಿವ್ ಕೊಲೈಟಿಸ್‌ಗೆ ಕೊಡುವ ವೆಡೊಲಿಝುಮಾಬ್ ಆ ಆಲ್ಫಾ4ಬೀಟಾ7 ಗುರುತನ್ನೇ ಮುಚ್ಚುತ್ತದೆ. ಉರಿಯುವ ಕರುಳಿಗೆ ಹೊಸ ಕೋಶಗಳು ಹೋಗಿ ಸೇರುವುದು ಕಡಿಮೆಯಾಗುತ್ತದೆ.

ನಿಮ್ಮ ಮಗುವಿನ ವಿಷಯಕ್ಕೆ ಬಂದರೆ, ಹನಿ, ಚುಚ್ಚುಮದ್ದು ಎರಡನ್ನೂ ತಪ್ಪಿಸಬೇಡಿ. 6 ಮತ್ತು 14 ವಾರಕ್ಕೆ ಎರಡೂ ಒಂದೇ ದಿನ ಕೊಡುತ್ತಾರೆ, 9 ತಿಂಗಳಿಗೆ ಇನ್ನೊಂದು ಚುಚ್ಚುಮದ್ದು ಇದೆ. ಆ 9 ತಿಂಗಳ ಭೇಟಿಯಲ್ಲೇ ವಿಟಮಿನ್ ಎ ಸಿರಪ್ ಕೂಡ ಶುರುವಾಗುತ್ತದೆ. ಇದನ್ನೆಲ್ಲ ಓದಿ ಮೆಡಿಕಲ್ ಶಾಪಿನಿಂದ ಬೇರೆ ವಿಟಮಿನ್ ಎ ತಂದು ಕುಡಿಸಲು ಮಾತ್ರ ಹೋಗಬೇಡಿ. ಅದು ಜಾಸ್ತಿಯಾದರೆ ಮಗುವಿಗೆ ವಿಷವಾಗುತ್ತದೆ. ಆಶಾ ಅಕ್ಕ ಹೇಳಿದ ದಿನಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಕೊಡುವ ಅಳತೆ ಸಾಕು.