ಆ ‘22 ಬಿಟ್’ ಸುದ್ದಿಗೆ ಹೆದರಬೇಡಿ

“ಕ್ವಾಂಟಮ್ ಕಂಪ್ಯೂಟರ್ ಆರ್‌ಎಸ್‌ಎ ಎನ್‌ಕ್ರಿಪ್ಶನ್ ಮುರಿದುಬಿಟ್ಟಿದೆಯಂತೆ, ನನ್ನ ಬ್ಯಾಂಕ್ ಖಾತೆ, ಚಾಟ್ ಎಲ್ಲ ಬಯಲಾಗುತ್ತಾ?” ಅಂತ ಕೇಳಿದ್ದೀರಿ. ಇಲ್ಲ, ಆ ಸುದ್ದಿಯಿಂದ ಏನೂ ಆಗಲ್ಲ. ಆರ್‌ಎಸ್‌ಎ ಅಂದರೆ ಮಾಹಿತಿಯನ್ನು ಬೇರೆಯವರು ಓದಲಾಗದಂತೆ ಬೀಗ ಹಾಕಿಡುವ ಒಂದು ವಿಧಾನ. ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಬಂದ ದೊಡ್ಡ ಸಂಖ್ಯೆ ಇದರ ಕೀಲಿಯಲ್ಲಿರುತ್ತದೆ; ಅದನ್ನು ಮತ್ತೆ ಆ ಎರಡಾಗಿ ಒಡೆಯುವುದು ತುಂಬಾ ಕಷ್ಟ ಅನ್ನುವುದೇ ಇದರ ಬಲ.

2024ರಲ್ಲಿ ಚೀನಾದ ಸಂಶೋಧಕರು ಡಿ-ವೇವ್ ಕಂಪನಿಯ ಕ್ವಾಂಟಮ್ ಯಂತ್ರದ ನೆರವಿನಿಂದ ಒಡೆದದ್ದು 22 ಬಿಟ್‌ನ ಸಂಖ್ಯೆ. ಅಂದರೆ 0, 1ರಲ್ಲಿ ಬರೆದರೆ 22 ಅಂಕಿ, ನಾವು ಬರೆಯುವ ರೀತಿಯಲ್ಲಿ ಬರೀ ಏಳಂಕಿ. ಅದನ್ನು 2, 3, 4 ಅಂತ ಒಂದೊಂದರಿಂದಲೇ ಭಾಗಿಸುತ್ತಾ ಹೋದರೂ 2,047 ದಾಟುವುದರೊಳಗೆ ಉತ್ತರ ಸಿಗುತ್ತದೆ. ನಿಮ್ಮ ಫೋನಿಗೆ ಇದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸವೂ ಅಲ್ಲ. ನಿಜವಾಗಿ ಬಳಕೆಯಲ್ಲಿರುವ 2048 ಬಿಟ್‌ನ ಕೀಲಿಯಲ್ಲಿ ಸುಮಾರು 617 ಅಂಕಿಗಳಿರುತ್ತವೆ! ಇಷ್ಟು ದೊಡ್ಡ ಅಂತರವನ್ನು ಹೇಳದೆ ‘ಮುರಿದರು’ ಅಂತ ಶೀರ್ಷಿಕೆ ಕೊಡುವುದು ತಪ್ಪು. ಜನ ಸುಮ್ನೆ ಹೆದರುತ್ತಾರೆ, ಅಲ್ವಾ?

ಹಾಗಂತ ಅಪಾಯವೇ ಇಲ್ಲ ಅನ್ನಲಾರೆ. ಸಾಕಷ್ಟು ದೊಡ್ಡ ಕ್ವಾಂಟಮ್ ಯಂತ್ರ ಬಂದರೆ ಆರ್‌ಎಸ್‌ಎ ಉಳಿಯಲ್ಲ ಅಂತ ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. ಇವತ್ತು ಕದ್ದ ಡೇಟಾವನ್ನು ಕೂಡಿಟ್ಟು, ಅಂಥ ಯಂತ್ರ ಬಂದ ಮೇಲೆ ಬಿಚ್ಚಬಹುದು. ನನಗೆ ಜಾಸ್ತಿ ಚಿಂತೆ ಇರುವುದು ಇದರದ್ದೇ. ಬ್ಯಾಂಕ್ ಪಾಸ್‌ವರ್ಡ್ ನಾಳೆ ಬದಲಾಯಿಸಬಹುದು. ಆರೋಗ್ಯದ ದಾಖಲೆ, ಪತ್ರಕರ್ತರಿಗೆ ಗುಟ್ಟಾಗಿ ಮಾಹಿತಿ ಕೊಟ್ಟವರ ಹೆಸರು ಇಪ್ಪತ್ತು ವರ್ಷದ ನಂತರವೂ ಗುಟ್ಟಾಗಿಯೇ ಇರಬೇಕು.

ಇದಕ್ಕೆ ಪರಿಹಾರದ ಕೆಲಸವೂ ನಡೆದಿದೆ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಕ್ವಾಂಟಮ್ ಯಂತ್ರದ ದಾಳಿಯನ್ನೂ ತಡೆದುಕೊಳ್ಳುವಂಥ ರಕ್ಷಣೆಗೆ ಮೂರು ಹೊಸ ಮಾನದಂಡ ಹೊರಡಿಸಿತು. ಚಾಟ್ ಆ್ಯಪ್ ಸಿಗ್ನಲ್ 2023ರಲ್ಲೇ ಇಂಥ ರಕ್ಷಣೆ ಸೇರಿಸಿಕೊಂಡಿದೆ. ನಿಮ್ಮ ಕೆಲಸ ಇಷ್ಟೇ: ಆ್ಯಪ್, ಬ್ರೌಸರ್ ಅಪ್‌ಡೇಟ್ ಮಾಡುತ್ತಿರಿ.