‘ಒಲವು’ ಮತ್ತು ನಮ್ಮ ‘ಒಲ್ಲೆ’

ಎರಡು ಆಯ್ಕೆ ಎದುರಿಗಿದ್ದಾಗ ಮನಸ್ಸು ಒಂದರ ಕಡೆ ಹೋದರೆ ಅದನ್ನು ‘ಒಲವು’ ಅನ್ನಬಹುದಾ, ಆ ಪದ ಎಲ್ಲಿಂದ ಬಂತು, ‘ಪಕ್ಷಪಾತ’ಕ್ಕೂ ಅದಕ್ಕೂ ಏನು ವ್ಯತ್ಯಾಸ ಅಂತ ಕೇಳಿದ್ದೀರಿ. ಧಾರಾಳವಾಗಿ ಅನ್ನಬಹುದು. ನಾನು ರಾಯಚೂರು ಜಿಲ್ಲೆಯ ಸಿಂಧನೂರು ಕಡೆಯವನು. ಈ ಪದದ ಬೇರು ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ, ಅದಕ್ಕೇ ಬರೆಯಬೇಕು ಅನ್ನಿಸಿತು.

‘ಒಲವು’ ಅಚ್ಚಗನ್ನಡ. ಬೇರು ‘ಒಲ್’, ಅಂದರೆ ಬಯಸು, ಮೆಚ್ಚು, ಒಪ್ಪು. ಒಲಿ, ಒಲಿಸು, ಒಲುಮೆ ಎಲ್ಲ ಅದೇ ಬಳ್ಳಿಯವು. ಬಸವಣ್ಣನವರ ‘ಕಳಬೇಡ ಕೊಲಬೇಡ’ ವಚನ ಮುಗಿಯುವುದು ‘ಕೂಡಲಸಂಗಮದೇವರನೊಲಿಸುವ ಪರಿ’ ಅಂತ, ಅಲ್ವಾ? ಅದು 12ನೇ ಶತಮಾನ. ಕೊಪ್ಪಳ ಜಿಲ್ಲೆಯ ಹುಲಿಗಿಗೆ ಹರಕೆ ಹೊತ್ತು ಹೋಗಿ ಕೆಲಸ ಆದವರು ಈಗಲೂ ‘ತಾಯಿ ಒಲಿದಳು’ ಅಂತಲೇ ಹೇಳುತ್ತಾರೆ.

ಆದರೆ ಈ ಬೇರು ನಮ್ಮ ಕಡೆ ಜಾಸ್ತಿ ಬದುಕಿರುವುದು ‘ಒಲ್ಲೆ’ಯಲ್ಲಿ. ಅವ್ವ ಇನ್ನೊಂದು ರೊಟ್ಟಿ ಹಾಕಲು ಬಂದರೆ ನನ್ನ ಮಗಳು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ‘ನಾ ಒಲ್ಲೆ’ ಅನ್ನುತ್ತಾಳೆ. ಮೈಸೂರು ಕಡೆಯ ಮಗು ಅಲ್ಲಿ ‘ಬೇಡ’ ಅನ್ನುತ್ತದೆ. ‘ಬೇಡ’ ಯಾರು ಹೇಳಿದರೂ ‘ಬೇಡ’ವೇ. ‘ಒಲ್ಲೆ’ ಹಾಗಲ್ಲ, ಆಳಿನ ಜೊತೆ ಬದಲಾಗುತ್ತದೆ: ನಾನು ಒಲ್ಲೆ, ಅವನು ಒಲ್ಲ, ಅವಳು ಒಲ್ಲಳು, ಅದು ಒಲ್ಲದು. ‘ಇಲ್ಲ’ ಅನ್ನುವುದನ್ನು ಬೇರೆಯಾಗಿ ಸೇರಿಸದೆ ಕ್ರಿಯಾಪದವೇ ನಿರಾಕರಿಸುವ ಈ ರೀತಿ ಹಳಗನ್ನಡದ್ದು, ಅದನ್ನು ಆರು ವರ್ಷದ ಹುಡುಗಿ ಊಟದ ತಟ್ಟೆ ಮುಂದೆ ಕೂತು ಸುಮ್ನೆ ಆಡುತ್ತಾಳೆ ಅಂದರೆ ನನಗೆ ನಿಜಕ್ಕೂ ಹೆಮ್ಮೆ. ಬಳ್ಳಾರಿ ಕಡೆ ಕನ್ನಡದ ಜೊತೆಗೇ ಆಡುವ ತೆಲುಗಿನಲ್ಲೂ ಇದರ ಅಕ್ಕತಂಗಿ ಇದೆ, ಹಳೆಯ ‘ಒಲ್ಲನು’. ಅಂದರೆ ನಾನು ಒಲ್ಲೆ.

ಇನ್ನೊಂದು ನೋಡಿ. ‘ಮಳೆ ಬರವಲ್ದು’, ‘ಮೋಟರ್ ಚಾಲೂ ಆಗವಲ್ದು’ ಅಂತೀವಲ್ಲ, ಆ ‘ವಲ್ದು’ ಕೂಡ ‘ಒಲ್ಲದು’ವೇ. ಬರಲು ಒಲ್ಲದು, ಆಗಲು ಒಲ್ಲದು. ಕಾಲುವೆಗೆ ನೀರು ಬಿಟ್ಟ ಮೇಲೂ ಕೊನೇ ಹೊಲಕ್ಕೆ ಹರಿಯದಿದ್ದರೆ ‘ನೀರು ಬರವಲ್ದು’ ಅಂತ ಬದುವಿನ ಮೇಲೆ ನಿಂತು ಹೇಳುವವನ ಮಾತಿನಲ್ಲಿ ನೀರಿಗೂ ಒಂದು ಮನಸ್ಸಿದೆ, ಅದು ಈ ಕಡೆ ಒಲಿಯುತ್ತಿಲ್ಲ. ‘ಒಲ್ಲದ ಗಂಡಗ ಮೊಸರಾಗ ಕಲ್ಲು’ ಅನ್ನುವ ಗಾದೆಯಲ್ಲೂ ಅಷ್ಟೇ, ಮೊಸರು ಚೆನ್ನಾಗಿಯೇ ಇದೆ, ಒಲವಿಲ್ಲ.

‘ಪಕ್ಷಪಾತ’ ಸಂಸ್ಕೃತದ್ದು. ಪಕ್ಷ ಅಂದರೆ ರೆಕ್ಕೆ, ಅದರಿಂದಲೇ ಪಕ್ಷಿ. ಹಾಗೇ ಒಂದು ಮಗ್ಗುಲು, ಒಂದು ಕಡೆ. ಪಾತ ಅಂದರೆ ಬೀಳುವುದು, ಜಲಪಾತದಲ್ಲಿ ಇರುವ ಹಾಗೆ. ಒಂದು ಕಡೆಗೇ ಬೀಳುವುದು ಪಕ್ಷಪಾತ. ಸಂಸ್ಕೃತದಲ್ಲಿ ಬರೀ ಪ್ರೀತಿ, ಅಭಿಮಾನ ಅನ್ನುವ ಅರ್ಥವೂ ಇದಕ್ಕೆ ಇತ್ತು. ಕನ್ನಡದಲ್ಲಿ ಈಗ ಅದು ಬೈಗುಳದ ಹತ್ತಿರ ಬಂದಿದೆ.

ಹಾಗಾಗಿ ನಾನು ಹೀಗೆ ಬಳಸುತ್ತೇನೆ. ನಮ್ಮ ರೈತರು ಬೇರೆ ಭತ್ತ ಬಿಟ್ಟು ಸೋನಾ ಮಸೂರಿ ಹಾಕಿದರೆ ಅದು ಒಲವು, ಹೊಲ ಅವರದು, ಯಾರೂ ಕೇಳುವಂತಿಲ್ಲ. ಇಬ್ಬರ ಜಗಳ ಬಗೆಹರಿಸಲು ಕಟ್ಟೆಯ ಮೇಲೆ ಕೂತ ಹಿರಿಯ ತನ್ನ ಅಳಿಯನ ಕಡೆ ಮಾತಾಡಿದರೆ ಅದು ಪಕ್ಷಪಾತ, ಯಾಕಂದರೆ ಅಲ್ಲಿ ತಕ್ಕಡಿ ಅವನ ಕೈಯಲ್ಲಿದೆ. ಅರ್ಜಿಯಲ್ಲಿ ಒಂದು, ಎರಡು, ಮೂರು ಅಂತ ಸಾಲಾಗಿ ಬರೆಸುವ ಕಡೆ ಮಾತ್ರ ‘ಆದ್ಯತೆ’ ಇರಲಿ. ‘ಆದ್ಯ’ ಅಂದರೆ ಮೊದಲನೆಯದು, ಅಲ್ಲಿ ಕೇಳುವುದು ಬರೀ ಸರದಿ.